ನಾಲ್ಕೂವರೆ ಸ್ಟಾರ್ ಇದ್ದ ಮಾತ್ರಕ್ಕೆ ಹೋಂಸ್ಟೇ ಸುರಕ್ಷಿತವೇ?

ದಸರಾ ರಜೆ, ವರ್ಷದ ಕೊನೆಯ ವಾರ, ಇಲ್ಲವೇ ಶನಿವಾರ ಭಾನುವಾರಕ್ಕೆ ಹೊಂದಿಕೊಂಡು ಬಂದ ಒಂದು ಸರ್ಕಾರಿ ರಜೆ. ಇಷ್ಟು ಸಿಕ್ಕರೆ ಸಾಕು, ಬೆಂಗಳೂರು, ಮೈಸೂರಿನ ಕಾರುಗಳು ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ದಾರಿ ಹಿಡಿಯುತ್ತವೆ. ಹೋಟೆಲಿಗಿಂತ ಹೋಂಸ್ಟೇ ಇಷ್ಟಪಡುವವರೇ ಈಗ ಹೆಚ್ಚು. ಮನೆಯವರೊಂದಿಗೆ ಮಾತು, ಬೆಳಿಗ್ಗೆ ಬಿಸಿ ಕಡುಬು ಅಥವಾ ಅಕ್ಕಿರೊಟ್ಟಿ, ಸುತ್ತ ಕಾಫಿ ತೋಟ. ವಿದೇಶಗಳಲ್ಲಿ ‘ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್’ ಎಂದು ಕರೆಯುವ ವ್ಯವಸ್ಥೆಯ ನಮ್ಮ ರೂಪ ಇದು.

ಇಂಥ ಮನೆಯನ್ನು ನಾವು ಆರಿಸುವ ಕ್ರಮವೂ ಹೆಚ್ಚುಕಡಿಮೆ ಒಂದೇ. ಆ್ಯಪ್ ತೆರೆದು ಫೋಟೊ ನೋಡುತ್ತೇವೆ, ಬೆಲೆ ಹೋಲಿಸುತ್ತೇವೆ, ನಾಲ್ಕೂವರೆಗಿಂತ ಕಡಿಮೆ ಸ್ಟಾರ್ ಇರುವುದನ್ನೆಲ್ಲ ಬದಿಗಿಡುತ್ತೇವೆ. ‘ಇಷ್ಟೊಂದು ಜನ ಒಳ್ಳೆಯದೆಂದು ಬರೆದಿದ್ದಾರೆ, ಚಿಂತೆಯಿಲ್ಲ’ ಎಂದುಕೊಂಡು ಮುಂಗಡ ಕಟ್ಟುತ್ತೇವೆ. ಈ ನಂಬಿಕೆಯಲ್ಲಿ ಎಷ್ಟು ನಿಜವಿದೆ? ಸ್ಟಾರ್‌ಗಳು ನಮಗೆ ಏನನ್ನು ಹೇಳುತ್ತವೆ, ಏನನ್ನು ಹೇಳುವುದಿಲ್ಲ? ಈ ಲೇಖನದಲ್ಲಿ ನೋಡೋಣ.

ಎಲ್ಲರೂ ಮೊದಲ ದರ್ಜೆಯಲ್ಲೇ ಪಾಸು!

ಒಂದು ತರಗತಿಯಲ್ಲಿ ನೂರಕ್ಕೆ ತೊಂಬತ್ತೈದು ಮಕ್ಕಳಿಗೆ 90ಕ್ಕಿಂತ ಹೆಚ್ಚು ಅಂಕ ಬಂದರೆ ಆ ಅಂಕಪಟ್ಟಿಯಿಂದ ಯಾರು ಜಾಣರೆಂದು ತಿಳಿಯುವುದು ಕಷ್ಟ. ಸ್ಟಾರ್‌ಗಳ ಕಥೆಯೂ ಹೀಗೆಯೇ. ಜಾರ್ಜಿಯೋಸ್ ಝರ್ವಾಸ್ ಮತ್ತು ಸಂಗಡಿಗರು 2015ರಲ್ಲಿ ಏರ್‌ಬಿಎನ್‌ಬಿ ತಾಣದಲ್ಲಿದ್ದ ಆರು ಲಕ್ಷಕ್ಕೂ ಹೆಚ್ಚು ಮನೆಗಳ ರೇಟಿಂಗ್ ಪರಿಶೀಲಿಸಿದರು. ಸುಮಾರು 95 ಶೇಕಡಾ ಮನೆಗಳ ಸರಾಸರಿ ನಾಲ್ಕೂವರೆ ಅಥವಾ ಐದು ಸ್ಟಾರ್ ಇತ್ತು. ಮೂರೂವರೆಗಿಂತ ಕೆಳಗಿದ್ದವು ಇಲ್ಲವೆನ್ನುವಷ್ಟು ಕಡಿಮೆ. ಅದೇ ಅಧ್ಯಯನದಲ್ಲಿ ಟ್ರಿಪ್‌ಅಡ್ವೈಸರ್ ತಾಣದ ಹೋಟೆಲುಗಳ ಸರಾಸರಿ 3.8ರಷ್ಟಿತ್ತು.

ಹಾಗಾದರೆ ಮನೆಗಳೆಲ್ಲ ಹೋಟೆಲುಗಳಿಗಿಂತ ಅಷ್ಟು ಮೇಲೆಂದು ಅರ್ಥವೇ? ಹಾಗೆ ಹೇಳಲಾಗದು. ರೇಟಿಂಗ್ ಉಬ್ಬುವುದಕ್ಕೆ ಬೇರೆ ಕಾರಣಗಳಿವೆ.

ಮೊದಲನೆಯದು ದಾಕ್ಷಿಣ್ಯ. ಹೋಟೆಲಿನ ರಿಸೆಪ್ಷನ್‌ನಲ್ಲಿ ಕುಳಿತವರ ಬಗ್ಗೆ ದೂರು ಬರೆಯುವುದು ಸುಲಭ. ಎರಡು ದಿನ ಕೈಯಾರೆ ಬಡಿಸಿ, ಹೊರಡುವಾಗ ಮಕ್ಕಳ ಕೈಗೆ ಒಂದು ಪೊಟ್ಟಣ ಕಾಫಿಪುಡಿಯನ್ನೋ ಜೇನನ್ನೋ ಕೊಟ್ಟ ಮನೆಯೊಡತಿಯ ಬಗ್ಗೆ ‘ಬಚ್ಚಲು ಸರಿಯಿಲ್ಲ’ ಎಂದು ಬರೆಯಲು ಕೈ ಬರುವುದಿಲ್ಲ. ಎರಡನೆಯದು ಮೌನ. ತುಂಬಾ ಖುಷಿಯಾದವರು ಬರೆಯುತ್ತಾರೆ, ತುಂಬಾ ಸಿಟ್ಟು ಬಂದವರು ಬರೆಯುತ್ತಾರೆ. ‘ಪರವಾಗಿಲ್ಲ’ ಅನ್ನಿಸಿದವರು ಏನೂ ಬರೆಯದೆ ಮುಂದೆ ಹೋಗುತ್ತಾರೆ. ಮೂರನೆಯದು ಪರಸ್ಪರ ಅಂಕ ಕೊಡುವ ಪದ್ಧತಿ. ಕೆಲವು ತಾಣಗಳಲ್ಲಿ ಅತಿಥಿಗೂ ಮನೆಯವರು ಅಂಕ ಕೊಡುತ್ತಾರೆ. ‘ನಾನು ಕಡಿಮೆ ಕೊಟ್ಟರೆ ಅವರೂ ಕೊಟ್ಟಾರು’ ಎಂಬ ಅಳುಕು ಸಹಜ. ಇದನ್ನು ತಪ್ಪಿಸಲೆಂದೇ ಏರ್‌ಬಿಎನ್‌ಬಿ 2014ರಲ್ಲಿ, ಇಬ್ಬರೂ ಬರೆಯುವವರೆಗೆ ಅಥವಾ 14 ದಿನ ಮುಗಿಯುವವರೆಗೆ ಯಾರ ಅಭಿಪ್ರಾಯವೂ ಇನ್ನೊಬ್ಬರಿಗೆ ಕಾಣದಂತೆ ಮಾಡಿತು.

ಇವುಗಳ ಜೊತೆಗೆ ಹಣ ಕೊಟ್ಟು ಬರೆಸಿದ ರಿವ್ಯೂಗಳೂ ಇವೆ. ಇವನ್ನು ತಡೆಯುವ ಉದ್ದೇಶದಿಂದ ಭಾರತೀಯ ಮಾನಕ ಬ್ಯೂರೊ 2022ರ ನವೆಂಬರ್‌ನಲ್ಲಿ ಐಎಸ್ 19000:2022 ಎಂಬ ಮಾನದಂಡ ಹೊರತಂದಿತು. ಆದರೆ ಅದು ಬಂದಾಗ ಅದರ ಪಾಲನೆ ಸ್ವಯಂಪ್ರೇರಿತವಾಗಿತ್ತು, ಕಡ್ಡಾಯವಾಗಿರಲಿಲ್ಲ.

ಪ್ರಾಮಾಣಿಕ ರಿವ್ಯೂ ಕೂಡ ಹೇಳಲಾಗದ ಸಂಗತಿ

ಎಲ್ಲ ರಿವ್ಯೂಗಳೂ ನೂರಕ್ಕೆ ನೂರು ಪ್ರಾಮಾಣಿಕ ಎಂದೇ ಇಟ್ಟುಕೊಳ್ಳೋಣ. ಆಗಲೂ ಒಂದು ತೊಡಕು ಉಳಿಯುತ್ತದೆ.

ಅರ್ಥಶಾಸ್ತ್ರಜ್ಞರು ನಾವು ಕೊಳ್ಳುವುದರ ಗುಣಗಳನ್ನು ಮೂರಾಗಿ ವಿಂಗಡಿಸುತ್ತಾರೆ. ಕೊಳ್ಳುವ ಮೊದಲೇ ನೋಡಿ ತಿಳಿಯುವಂಥವು ಕೆಲವು: ಕೋಣೆಯ ಅಳತೆ, ಬೆಲೆ, ಊರಿನಿಂದ ದೂರ. ಬಳಸಿದ ಮೇಲಷ್ಟೇ ತಿಳಿಯುವಂಥವು ಇನ್ನು ಕೆಲವು: ಊಟದ ರುಚಿ, ಹಾಸಿಗೆಯ ಸುಖ, ಮನೆಯವರ ಮಾತು. ಬಳಸಿದ ಮೇಲೂ ನಮಗೆ ತಿಳಿಯದಂಥವು ಮೂರನೆಯ ಗುಂಪು: ವೈರಿಂಗ್ ಸರಿಯಿದೆಯೇ, ಕುಡಿಯುವ ನೀರು ಶುದ್ಧವೇ, ಗೀಸರ್‌ನಿಂದ ಹೊರಬರುವ ಗಾಳಿ ಎಲ್ಲಿಗೆ ಹೋಗುತ್ತಿದೆ.

ರಿವ್ಯೂ ಬರೆಯುವವರು ಮೊದಲೆರಡು ಗುಂಪುಗಳ ಬಗ್ಗೆ ಚೆನ್ನಾಗಿ ಬರೆಯಬಲ್ಲರು. ಮೂರನೆಯದರ ಬಗ್ಗೆ ಅವರಿಗೂ ಗೊತ್ತಿರುವುದಿಲ್ಲ. ಇನ್ನೂರು ಜನ ಸ್ನಾನ ಮಾಡಿ ಏನೂ ಆಗದೆ ಹೋದ ಬಚ್ಚಲಿಗೆ ಇನ್ನೂರು ಜನ ಐದು ಸ್ಟಾರ್ ಕೊಟ್ಟಿರಬಹುದು. ಅವರಲ್ಲಿ ಕೆಲವರಿಗೆ ಸ್ನಾನದ ನಂತರ ತಲೆ ಸುತ್ತಿರಲೂಬಹುದು. ‘ಘಾಟಿಯ ತಿರುವು’ ಎಂದೋ ‘ರಾತ್ರಿಯ ಊಟ’ ಎಂದೋ ಅದನ್ನು ಮರೆತಿರುತ್ತಾರೆ. ಹೀಗಾಗಿ ಸ್ಟಾರ್‌ಗಳು ಮುಖ್ಯವಾಗಿ ಅಳೆಯುವುದು ಆತಿಥ್ಯವನ್ನು. ಸುರಕ್ಷತೆಯ ಲೆಕ್ಕ ಅವುಗಳಲ್ಲಿ ಸೇರಿಲ್ಲ.

ವಾಸನೆಯೇ ಇಲ್ಲದ ಅಪಾಯ

ಈ ಮೂರನೆಯ ಗುಂಪಿನಲ್ಲಿ ಗ್ಯಾಸ್ ಗೀಸರ್‌ಗೆ ಮೊದಲ ಸ್ಥಾನ ಕೊಡಬೇಕು. ವಿದ್ಯುತ್ ಪದೇಪದೇ ಹೋಗುವ ಊರುಗಳಲ್ಲಿ ತಕ್ಷಣ ಬಿಸಿನೀರು ಕೊಡುವ ಇದು ಜನಪ್ರಿಯ. ನಮ್ಮ ರಾಜ್ಯದಲ್ಲಿ ಮನೆಗಳಲ್ಲಿಯೂ ತಂಗುದಾಣಗಳಲ್ಲಿಯೂ ಇದರಿಂದ ಸಾವು ಸಂಭವಿಸಿದ ಸುದ್ದಿ, ಅದರಲ್ಲೂ ಚಳಿಗಾಲದಲ್ಲಿ, ಮತ್ತೆ ಮತ್ತೆ ಬರುತ್ತದೆ.

ಇದು ಕೆಲಸ ಮಾಡುವ ಬಗೆ ಸರಳ. ಎಲ್‌ಪಿಜಿ ಉರಿಯಲು ಆಮ್ಲಜನಕ ಬೇಕು. ಸಾಕಷ್ಟು ಗಾಳಿ ಇದ್ದರೆ ಉರಿದ ಮೇಲೆ ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಉಳಿಯುತ್ತವೆ. ಮುಚ್ಚಿದ ಸಣ್ಣ ಬಚ್ಚಲಲ್ಲಿ ಆಮ್ಲಜನಕ ಕಡಿಮೆಯಾಗುತ್ತ ಹೋದಂತೆ ದಹನ ಅಪೂರ್ಣವಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಈ ಅನಿಲ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಿದುಳಿಗೂ ಹೃದಯಕ್ಕೂ ಆಮ್ಲಜನಕ ತಲುಪುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬರುತ್ತವೆ, ಕಾಲುಗಳು ಬಲ ಕಳೆದುಕೊಳ್ಳುತ್ತವೆ. ಅಪಾಯ ಗೊತ್ತಾಗುವ ಹೊತ್ತಿಗೆ ಎದ್ದು ಚಿಲಕ ತೆಗೆಯುವ ಶಕ್ತಿಯೇ ಇಲ್ಲದಿರಬಹುದು.

ಹಳೆಯ ಮಲೆನಾಡ ಮನೆಗಳ ಬಚ್ಚಲಲ್ಲೂ ಬೆಂಕಿ ಇತ್ತಲ್ಲ ಎಂದು ಕೇಳಬಹುದು. ಇತ್ತು. ಆದರೆ ಹೆಂಚಿನ ಸಂದುಗಳಿಂದ ಗಾಳಿ ಓಡಾಡುತ್ತಿತ್ತು, ಎಷ್ಟೋ ಮನೆಗಳಲ್ಲಿ ಹಂಡೆಯ ಒಲೆಯ ಬಾಯಿ ಹೊರಗಡೆಗೆ ಇರುತ್ತಿತ್ತು, ಕಟ್ಟಿಗೆಯ ಹೊಗೆ ಕಣ್ಣು ಉರಿಸಿ ಎಚ್ಚರಿಸುತ್ತಿತ್ತು. ತಾರಸಿ, ಟೈಲ್ಸ್, ಚಳಿಗೂ ಹುಳುಗಳಿಗೂ ಹೆದರಿ ಮುಚ್ಚಿದ ಗಾಜಿನ ಕಿಟಕಿ ಇರುವ ಹೊಸ ಬಚ್ಚಲಲ್ಲಿ ಈ ಮೂರೂ ಇಲ್ಲ.

ಇದರ ಸುತ್ತ ಇರುವ ಕೆಲವು ತಪ್ಪು ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

‘ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ.’ ಎಲ್‌ಪಿಜಿಗೆ ವಾಸನೆ ಬರುವುದು ಅದಕ್ಕೆ ಬೇಕೆಂದೇ ಬೆರೆಸುವ ಮರ್ಕ್ಯಾಪ್ಟನ್ ಎಂಬ ರಾಸಾಯನಿಕದಿಂದ. ಉರಿಯುವಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪೈಪಿನಲ್ಲಿ ಒಂದಿಷ್ಟೂ ಸೋರಿಕೆ ಇಲ್ಲದಿದ್ದರೂ ಅದು ತುಂಬಿಕೊಳ್ಳಬಹುದು.

‘ಎಕ್ಸಾಸ್ಟ್ ಫ್ಯಾನ್ ಇದ್ದರೆ ಸಾಕು.’ ಫ್ಯಾನ್ ಗಾಳಿ ಹೊರಹಾಕಬೇಕಾದರೆ ಎಲ್ಲಿಂದಾದರೂ ಹೊಸ ಗಾಳಿ ಒಳಬರಬೇಕು. ಬಾಗಿಲು, ಕಿಟಕಿ ಎಲ್ಲ ಮುಚ್ಚಿದ್ದರೆ, ಇಲ್ಲವೇ ಕರೆಂಟು ಹೋದರೆ ಅದನ್ನು ನೆಚ್ಚಿಕೊಳ್ಳಲಾಗದು. ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇದ್ದು, ಬಿಸಿನೀರು ಮಾತ್ರ ಪೈಪಿನಲ್ಲಿ ಒಳಬರುವುದೇ ಸರಿಯಾದ ವ್ಯವಸ್ಥೆ.

‘ಆಕ್ಸಿಮೀಟರ್ 98 ತೋರಿಸುತ್ತಿದೆ, ಭಯವಿಲ್ಲ.’ ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರ್, ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ನನ್ನೂ ಆಮ್ಲಜನಕ ಇರುವ ಹಿಮೋಗ್ಲೋಬಿನ್ ಎಂದೇ ಎಣಿಸಬಹುದು. ಈ ವಿಷಬಾಧೆಯಲ್ಲಿ ಅದರ ಅಂಕಿಯನ್ನು ನಂಬಬಾರದು.

ಅಪಾಯ ಬಚ್ಚಲಿಗಷ್ಟೇ ಸೀಮಿತವೂ ಅಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನ ರೆಸಾರ್ಟೊಂದರಲ್ಲಿ ಕೇರಳದ ಎಂಟು ಪ್ರವಾಸಿಗರು ಒಂದೇ ಕೋಣೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದರು. ಎಂಟೂ ಜನ ಬದುಕುಳಿಯಲಿಲ್ಲ. ಅವರಲ್ಲಿ ನಾಲ್ವರು ಮಕ್ಕಳು. ಚಳಿಗೆಂದು ಕೋಣೆಯಲ್ಲಿ ಗ್ಯಾಸ್ ಹೀಟರ್ ಹಚ್ಚಿ ಬಾಗಿಲು, ಕಿಟಕಿ ಮುಚ್ಚಿಕೊಂಡಿದ್ದರು. ರಾತ್ರಿ ಕ್ಯಾಂಪ್ ಫೈರ್ ಮುಗಿದ ಮೇಲೆ ಉಳಿದ ಕೆಂಡವನ್ನು ಕೋಣೆಗೋ ಟೆಂಟಿಗೋ ಒಯ್ಯುವುದೂ ಇಷ್ಟೇ ಅಪಾಯಕಾರಿ. ಹೊಗೆಯಿಲ್ಲದ ಕೆಂಡವೂ ಈ ಅನಿಲವನ್ನು ಹೊರಬಿಡುತ್ತದೆ.

ನೀಲಿ ನೀರಿನ ಫೋಟೊ

ಈಚೆಗೆ ಹೋಂಸ್ಟೇ ಜಾಹೀರಾತಿನಲ್ಲಿ ಎದ್ದು ಕಾಣುವುದು ಈಜುಕೊಳ. ನೀರು ಎಷ್ಟು ಆಳ, ಆಳ ಎಲ್ಲಿ ಒಮ್ಮೆಲೇ ಹೆಚ್ಚುತ್ತದೆ, ಕಾವಲಿಗೆ ಯಾರಿದ್ದಾರೆ ಎಂಬುದನ್ನು ಫೋಟೊ ಹೇಳುವುದಿಲ್ಲ. 2024ರ ನವೆಂಬರ್‌ನಲ್ಲಿ ಮಂಗಳೂರು ಬಳಿಯ ಉಳ್ಳಾಲದ ರೆಸಾರ್ಟೊಂದರ ಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಸತ್ತರು. ‘ಕೊಳ ಚಿಕ್ಕದು, ಏನಾದೀತು’ ಎಂಬ ಮಾತಿಗೆ ಆಧಾರವಿಲ್ಲ. ಈಜು ಬಾರದವರಿಗೆ ತಲೆ ಮುಳುಗುವಷ್ಟು ನೀರಿದ್ದರೆ ಸಾಕು. ಮುಳುಗುವವರು ಕೂಗಿ ಕರೆಯುತ್ತಾರೆ ಎಂಬುದೂ ಸಿನಿಮಾದ ಕಲ್ಪನೆ. ಉಸಿರಿಗೇ ಒದ್ದಾಡುವವರಿಗೆ ಕೂಗಲು ಆಗುವುದಿಲ್ಲ, ಬಹಳ ಸಲ ಸದ್ದಿಲ್ಲದೆ ಮುಳುಗುತ್ತಾರೆ.

ನೋಂದಣಿ ಏನು ಹೇಳುತ್ತದೆ?

ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಬೆಡ್ ಆ್ಯಂಡ್ ಬ್ರೇಕ್‌ಫಾಸ್ಟ್ ಮತ್ತು ಹೋಂಸ್ಟೇ ಯೋಜನೆಯಲ್ಲಿ ಮನೆಗಳನ್ನು ಗೋಲ್ಡ್, ಸಿಲ್ವರ್ ಎಂದು ವರ್ಗೀಕರಿಸುತ್ತಾರೆ. ಬಾಡಿಗೆಗೆ ಕೊಡುವ ಕೋಣೆ ಒಂದರಿಂದ ಆರರೊಳಗೆ ಇರಬೇಕು, ಮಾಲೀಕರ ಕುಟುಂಬ ಅದೇ ಮನೆಯಲ್ಲಿ ವಾಸಿಸಬೇಕು. ಕರ್ನಾಟಕದಲ್ಲಿ ರಾಜ್ಯ ಪ್ರವಾಸೋದ್ಯಮ ಇಲಾಖೆ ಹೋಂಸ್ಟೇಗಳನ್ನು ನೋಂದಾಯಿಸುತ್ತದೆ.

ಮಾಲೀಕರು ಅಲ್ಲೇ ಇರಬೇಕೆಂಬ ನಿಯಮ ಬರೀ ಕಾಗದದ ಮಾತಲ್ಲ. ರಾತ್ರಿ ಎರಡು ಗಂಟೆಗೆ ಮಗುವಿಗೆ ಜ್ವರ ಬಂದರೆ, ಅಂಗಳದಲ್ಲಿ ಹಾವು ಕಂಡರೆ, ಬಚ್ಚಲಿಗೆ ಹೋದವರು ಹೊರಬರದಿದ್ದರೆ ಕೂಗಿದೊಡನೆ ಬರುವ, ದಾರಿ ಗೊತ್ತಿರುವ ಒಬ್ಬರು ಬೇಕು. ಬೆಂಗಳೂರಿನಲ್ಲಿ ಕುಳಿತ ಮಾಲೀಕರು ಕೆಲಸದ ಹುಡುಗನ ಕೈಗೆ ಬೀಗದ ಕೈ ಕೊಟ್ಟು ನಡೆಸುವ ಬಂಗಲೆಗೆ ‘ಹೋಂಸ್ಟೇ’ ಬೋರ್ಡು ಇರಬಹುದು, ಹೋಂಸ್ಟೇಯ ಮುಖ್ಯ ಗುಣವೇ ಅಲ್ಲಿರುವುದಿಲ್ಲ.

ನೋಂದಣಿ ಇದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದಲ್ಲ. ಪರಿಶೀಲನೆಯ ನಂತರ ಹೊಸ ಗೀಸರ್ ಕೂರಿಸಿರಬಹುದು. ಆದರೆ ನೋಂದಾಯಿತ ಮನೆಯ ಬಗ್ಗೆ ದೂರು ಕೊಡಲು ಒಂದು ಕಚೇರಿ ಇರುತ್ತದೆ, ಉತ್ತರ ಕೊಡಬೇಕಾದ ಒಂದು ಹೆಸರು ಕಡತದಲ್ಲಿರುತ್ತದೆ.

ಬುಕ್ ಮಾಡುವ ಮೊದಲು ಒಂದು ಫೋನ್ ಕರೆ

ಸ್ಟಾರ್ ನೋಡಬೇಡಿ ಎಂದು ನಾವು ಹೇಳುತ್ತಿಲ್ಲ. ಊಟ, ಸ್ವಚ್ಛತೆ, ಮನೆಯವರ ನಡವಳಿಕೆಗೆ ಅವು ಉಪಯುಕ್ತ. ಸರಾಸರಿ ನೋಡುವುದಕ್ಕಿಂತ ಎರಡು ಮೂರು ಸ್ಟಾರ್ ಕೊಟ್ಟವರು ಬರೆದದ್ದನ್ನು ಓದಿ. ಮೊದಲು ಹೊಗಳಿ ಕೊನೆಗೆ ‘ಆದರೆ’ ಎಂದು ಸೇರಿಸಿದ ಸಾಲುಗಳನ್ನು ಗಮನಿಸಿ. ‘ಗೀಸರ್’, ‘ನೀರು’, ‘ರಾತ್ರಿ’ ಎಂಬ ಪದಗಳನ್ನು ಹುಡುಕಿ. ನಂತರ ಫೋನ್ ಮಾಡಿ ಇಷ್ಟು ಕೇಳಿ:

1. ಬಿಸಿನೀರಿಗೆ ಕರೆಂಟೋ, ಸೋಲಾರೋ, ಗ್ಯಾಸೋ? ಗ್ಯಾಸ್ ಆದರೆ ಗೀಸರ್ ಬಚ್ಚಲಿನ ಒಳಗಿದೆಯೇ, ಹೊರಗಿದೆಯೇ?
2. ರಾತ್ರಿ ಮನೆಯವರು ಅಲ್ಲೇ ಇರುತ್ತಾರೆಯೇ?
3. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಸಂಖ್ಯೆ ಇದೆಯೇ?
4. ಈಜುಕೊಳ ಎಷ್ಟು ಆಳ, ನೋಡಿಕೊಳ್ಳಲು ಯಾರಿರುತ್ತಾರೆ?
5. ಮೊಬೈಲ್ ಸಿಗ್ನಲ್ ಸಿಗುತ್ತದೆಯೇ, ಹತ್ತಿರದ ಆಸ್ಪತ್ರೆ ಎಷ್ಟು ದೂರ, ರಾತ್ರಿ ವಾಹನ ಸಿಗುತ್ತದೆಯೇ?

ಗೀಸರ್ ಬಚ್ಚಲಿನ ಒಳಗೇ ಇದ್ದರೆ ಬೇರೆ ಮನೆ ನೋಡುವುದು ಒಳ್ಳೆಯದು. ಹೋದ ಮೇಲೆ ಗೊತ್ತಾದರೆ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್‌ಗೆ ನೀರು ತುಂಬಿಸಿ, ಗೀಸರ್ ಆರಿಸಿ, ಗಾಳಿಯಾಡಿದ ಮೇಲೆ ಸ್ನಾನ ಮಾಡಿ. ಒಬ್ಬರ ಹಿಂದೆ ಒಬ್ಬರು ಸ್ನಾನಕ್ಕಿಳಿಯುವ ದೊಡ್ಡ ತಂಡಗಳಲ್ಲಿ ಗೀಸರ್ ಹೆಚ್ಚು ಹೊತ್ತು ಉರಿಯುವುದರಿಂದ ಕೊನೆಗೆ ಹೋಗುವವರಿಗೆ ಅಪಾಯ ಹೆಚ್ಚು.

ಯಾರಾದರೂ ಬಚ್ಚಲಲ್ಲಿ ಕುಸಿದರೆ ತಡಮಾಡದೆ ಬಾಗಿಲು ತೆರೆದು ಅವರನ್ನು ಬಯಲಿನ ಗಾಳಿಗೆ ತನ್ನಿ, ಗ್ಯಾಸ್ ಆರಿಸಿ, 108ಕ್ಕೆ ಕರೆ ಮಾಡಿ. ಒಳಗೆ ನೀವೂ ಹೆಚ್ಚು ಹೊತ್ತು ನಿಲ್ಲಬೇಡಿ. ಆಸ್ಪತ್ರೆಯಲ್ಲಿ ‘ಗ್ಯಾಸ್ ಗೀಸರ್ ಉರಿಯುತ್ತಿತ್ತು’ ಎಂದು ಮರೆಯದೆ ಹೇಳಿ. ಇಂಥ ಪ್ರಕರಣಗಳನ್ನು ಮೂರ್ಛೆರೋಗವೆಂದು ತಪ್ಪಾಗಿ ತಿಳಿದ ಉದಾಹರಣೆಗಳನ್ನು ನಮ್ಮ ದೇಶದ ನರರೋಗ ತಜ್ಞರು ದಾಖಲಿಸಿದ್ದಾರೆ. ಸಾಮಾನ್ಯ ಗಾಳಿಯಲ್ಲಿ ರಕ್ತದ ಮೊನಾಕ್ಸೈಡ್ ಅರ್ಧಕ್ಕಿಳಿಯಲು ನಾಲ್ಕೈದು ಗಂಟೆ ಬೇಕು. ಶುದ್ಧ ಆಮ್ಲಜನಕ ಕೊಟ್ಟರೆ ಅದು ಸುಮಾರು ಒಂದೂವರೆ ಗಂಟೆಗೆ ಇಳಿಯುತ್ತದೆ.

ಇಷ್ಟೆಲ್ಲ ಕೇಳಿದರೆ ಮನೆಯವರು ಬೇಸರ ಮಾಡಿಕೊಂಡಾರು ಎಂಬ ಸಂಕೋಚ ಬೇಡ. ‘ಊಟಕ್ಕೆ ಏನಿದೆ’ ಎಂದು ಕೇಳಿದಷ್ಟೇ ಸಹಜವಾಗಿ ‘ಗೀಸರ್ ಎಲ್ಲಿದೆ’ ಎಂದು ಕೇಳಿ. ಹತ್ತು ಅತಿಥಿಗಳು ಇದೇ ಪ್ರಶ್ನೆ ಕೇಳಿದರೆ ಹನ್ನೊಂದನೆಯವರು ಬರುವ ಹೊತ್ತಿಗೆ ಅದನ್ನು ಹೊರಗೋಡೆಗೆ ಸಾಗಿಸಿರುವ ಸಾಧ್ಯತೆ ಹೆಚ್ಚು. ಹಿಂತಿರುಗಿ ಬಂದ ಮೇಲೆ ನಿಮ್ಮ ರಿವ್ಯೂನಲ್ಲಿ ಕಡುಬಿನ ರುಚಿಯ ಜೊತೆಗೆ ಈ ಒಂದು ಸಾಲನ್ನೂ ಸೇರಿಸಿ. ಮುಂದೆ ಅಲ್ಲಿಗೆ ಹೋಗುವ ಕುಟುಂಬಕ್ಕೆ ಸ್ಟಾರ್‌ಗಿಂತ ಅದು ಹೆಚ್ಚು ಉಪಯೋಗಕ್ಕೆ ಬರುತ್ತದೆ.