ಹೊಸದಕ್ಕೆ ರಿಯಾಯಿತಿ, ರಿಪೇರಿಗೆ ಏನು?

2025ರ ಸೆಪ್ಟೆಂಬರ್ 22ರಿಂದ ಪಾತ್ರೆ ತೊಳೆಯುವ ಯಂತ್ರದ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಬೆಂಗಳೂರಿನ ಇಂದಿರಾನಗರದ ಶೋರೂಮುಗಳಿಗೆ ದಸರೆ ಹೊತ್ತಿಗೆ ಸಿಕ್ಕ ಸಿಹಿ ಸುದ್ದಿ ಅದು. ಮನೆಯಲ್ಲಿ ಕೆಟ್ಟು ನಿಂತಿರುವ ಡಿಶ್‌ವಾಷರನ್ನು ಸರ್ವಿಸ್ ಸೆಂಟರಿನವರ ಕೈಲಿ ಸರಿ ಮಾಡಿಸಿದರೆ ಆ ಬಿಲ್ಲಿನ ಮೇಲೂ ಶೇ 18 ತೆರಿಗೆ. ಅದು ಮೊದಲೂ ಅಷ್ಟೇ ಇತ್ತು, ಈಗಲೂ ಅಷ್ಟೇ ಇದೆ. ಕೊಳ್ಳುವವರಿಗೆ ರಿಯಾಯಿತಿ ಕೊಟ್ಟ ಸರ್ಕಾರಕ್ಕೆ ಇದ್ದದ್ದನ್ನು ಉಳಿಸಿಕೊಳ್ಳುವವರು ನೆನಪಾಗಲಿಲ್ಲ.

2020ರ ಲಾಕ್‌ಡೌನಿನಲ್ಲಿ ಮನೆಗೆಲಸದವರು ಬರಲಾಗದೆ ಹೋದಾಗ ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಎಷ್ಟೋ ಫ್ಲ್ಯಾಟುಗಳಿಗೆ ಈ ಯಂತ್ರ ಬಂತು. ಅವುಗಳ ವಾರಂಟಿ ಮುಗಿದು ಕಾಲವಾಯಿತು. ಈಗ ಕೆಟ್ಟಾಗ ಕೇಳಿಬರುವ ಮಾತು ಹೆಚ್ಚುಕಮ್ಮಿ ಒಂದೇ: ‘ಬೋರ್ಡ್ ಹೋಗಿದೆ ಸರ್, ಸ್ಟಾಕ್ ಇಲ್ಲ. ಎಕ್ಸ್‌ಚೇಂಜ್‌ಗೆ ಹಾಕಿ ಹೊಸದೇ ತಗೊಂಬಿಡಿ.’ ಇಷ್ಟು ಹೇಳಿಸಿಕೊಳ್ಳಲು ವಿಸಿಟಿಂಗ್ ಚಾರ್ಜ್ ಬೇರೆ.

ಬೋರ್ಡ್ ನಿಜವಾಗಿ ಸುಟ್ಟಿರುವುದೂ ಉಂಟು. ಆದರೆ ಯಂತ್ರ ನಿಂತ ಮಾತ್ರಕ್ಕೆ ಬೋರ್ಡ್ ಹೋಗಿದೆ ಎಂದೇನಿಲ್ಲ. ಅನೇಕ ಮಾದರಿಗಳ ತಳದಲ್ಲಿ ಒಂದು ತಟ್ಟೆ, ಅದರಲ್ಲೊಂದು ಚಿಕ್ಕ ತೇಲುಬೆಂಡು ಇರುತ್ತದೆ. ಎಲ್ಲೋ ಒಂದು ರಬ್ಬರ್ ವಾಷರ್ ಸಡಿಲಗೊಂಡು ತಟ್ಟೆಗೆ ನೀರು ಇಳಿದರೆ ಬೆಂಡು ಮೇಲೆದ್ದು ಸ್ವಿಚ್ ಒತ್ತುತ್ತದೆ. ಯಂತ್ರ ತೊಳೆಯುವುದನ್ನು ಬಿಟ್ಟು ಒಂದೇ ಸಮನೆ ನೀರು ಹೊರಹಾಕಲು ಶುರು ಮಾಡುತ್ತದೆ, ಪರದೆಯ ಮೇಲೆ ಏನೋ ಒಂದು ಕೋಡ್ ಮೂಡುತ್ತದೆ. ತಟ್ಟೆ ಒರೆಸಿ, ವಾಷರ್ ಬದಲಾಯಿಸಿದರೆ ಮುಗಿಯುವ ಕೆಲಸವದು. ಆ ಕೋಡಿನ ಅರ್ಥ ಗೊತ್ತಿರಬೇಕು, ಆ ವಾಷರ್ ಕೈಗೆ ಸಿಗಬೇಕು, ಅಷ್ಟೆ.

ನಮ್ಮ ನೀರಿನ ಪಾಲೂ ಇದರಲ್ಲಿದೆ. ಮಹದೇವಪುರ, ಕೆ.ಆರ್. ಪುರ ಕಡೆಯ ಬಡಾವಣೆಗಳು ವರ್ಷಗಟ್ಟಲೆ ಬೋರ್‌ವೆಲ್ ಮತ್ತು ಟ್ಯಾಂಕರ್ ನಂಬಿದ್ದವು; 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಗಡಸು ನೀರಿನ ಸುಣ್ಣ ಹೀಟರಿನ ಮೇಲೆ ಬೆಳ್ಳಗೆ ಕಟ್ಟಿಕೊಳ್ಳುತ್ತದೆ, ನೀರು ಚಿಮ್ಮುವ ತೋಳಿನ ರಂಧ್ರಗಳನ್ನು ಮುಚ್ಚುತ್ತದೆ. ಅದನ್ನು ತಡೆಯಲೆಂದೇ ಯಂತ್ರದೊಳಗೆ ನೀರು ಮೆದುಗೊಳಿಸುವ ವ್ಯವಸ್ಥೆ ಇದೆ, ಅದಕ್ಕೆ ಹಾಕುವ ದಪ್ಪ ಹರಳಿನ ಉಪ್ಪೇ ಬೇರೆ. ಅಡುಗೆಯ ಪುಡಿಯುಪ್ಪು ಅಲ್ಲಿ ಸಲ್ಲದು. ಮಾರುವ ದಿನ ಇದನ್ನು ಕೂರಿಸಿ ತಿಳಿಸಿ ಹೇಳಿದ್ದರೆ ಅರ್ಧ ದೂರು ಹುಟ್ಟುತ್ತಲೇ ಇರಲಿಲ್ಲ.

ಈ ಭಾಗದಲ್ಲಿ ಕೈಕಸುಬಿಗೆ ಬರವಿಲ್ಲ. ದೂರವಾಣಿನಗರದಲ್ಲಿ 1948ರಿಂದ ಟೆಲಿಫೋನ್ ಕಟ್ಟಿದ ಐಟಿಐ, ಬೈಯಪ್ಪನಹಳ್ಳಿಯಲ್ಲಿ ಮೋಟಾರು, ಟ್ರಾನ್ಸ್‌ಫಾರ್ಮರು ಮಾಡುತ್ತಿದ್ದ ಎನ್‌ಜಿಇಎಫ್ ಎರಡೂ ಇಲ್ಲಿಯವೇ. ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಹಳೇ ಎಂಜಿನ್ ಬಿಚ್ಚಿ ಬಾಳುವ ಭಾಗವನ್ನು ಆರಿಸಿ ಕೊಡುವವರು ಇಂದಿಗೂ ಇದ್ದಾರೆ. ಇಂಥ ಊರಿನ ಮೆಕ್ಯಾನಿಕ್ ಡಿಶ್‌ವಾಷರ್ ಮುಂದೆ ಕೈಚೆಲ್ಲುತ್ತಿದ್ದರೆ ಕೆಲಸ ಬಾರದೆ ಅಲ್ಲ. ಅಸಲಿ ಬಿಡಿಭಾಗ ಅವರಿಗೆ ಮಾರುವವರಿಲ್ಲ, ಸರ್ಕ್ಯೂಟ್ ನಕ್ಷೆ ತೋರಿಸುವವರಿಲ್ಲ.

ಯುರೋಪಿನಲ್ಲಿ ಇದಕ್ಕೆ ಕಾನೂನೇ ಇದೆ. 2021ರ ಮಾರ್ಚಿನಿಂದ ಅಲ್ಲಿ ಡಿಶ್‌ವಾಷರಿನ ಮೋಟಾರು, ಪಂಪು, ಹೀಟರುಗಳನ್ನು ಮಾದರಿ ನಿಂತ ಮೇಲೂ ಕನಿಷ್ಠ 7 ವರ್ಷ ವೃತ್ತಿಪರ ರಿಪೇರಿಯವರಿಗೆ ಒದಗಿಸಬೇಕು. ಬಾಗಿಲ ಸೀಲು, ನೀರು ಚಿಮ್ಮುವ ತೋಳು, ಜಾಲರಿಯಂಥವು 10 ವರ್ಷ ಗ್ರಾಹಕರಿಗೂ ಸಿಗಬೇಕು, ಅದೂ ಕೇಳಿದ 15 ಕೆಲಸದ ದಿನಗಳೊಳಗೆ. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ‘ರಿಪೇರಿಯ ಹಕ್ಕಿಗೆ’ ಸಮಿತಿ ಮಾಡಿತು, ಪೋರ್ಟಲ್ ತೆರೆಯಿತು. ಕಂಪನಿಗಳು ಮನಸ್ಸಿದ್ದರೆ ಅಲ್ಲಿ ಮಾಹಿತಿ ಹಾಕಬಹುದು, ಇಲ್ಲದಿದ್ದರೆ ಇಲ್ಲ. ಸ್ವತಂತ್ರ ಗ್ಯಾರೇಜುಗಳಿಗೆ ಬಿಡಿಭಾಗ ಸಿಗದಂತೆ ಮಾಡಿದ್ದಕ್ಕೆ ಸ್ಪರ್ಧಾ ಆಯೋಗ 2014ರಲ್ಲಿ 14 ಕಾರು ಕಂಪನಿಗಳಿಗೆ ದಂಡ ಹಾಕಿತ್ತು. ಕಾರಿಗೆ ಒಪ್ಪುವ ನ್ಯಾಯ ಅಡುಗೆಮನೆಯ ಯಂತ್ರಕ್ಕೆ ಯಾಕಿಲ್ಲ?

ಸರ್ಕಾರ ಮಾಡಬೇಕಾದ್ದು ಇಷ್ಟು: ಬಿಡಿಭಾಗ ಎಷ್ಟು ವರ್ಷ ಸಿಗಬೇಕೆಂದು ಕಡ್ಡಾಯಗೊಳಿಸಲಿ, ಅವುಗಳ ದರಪಟ್ಟಿಯನ್ನು ಬಹಿರಂಗಪಡಿಸಲಿ, ರಿಪೇರಿಯ ಮೇಲಿನ ತೆರಿಗೆಯನ್ನು ಹೊಸ ಯಂತ್ರದ್ದಕ್ಕಿಂತ ಕೆಳಗಿಳಿಸಲಿ. ಓದುಗರೂ ಸುಮ್ಮನೆ ತಲೆಯಾಡಿಸಬೇಡಿ. ಯಾವ ಭಾಗ ಕೆಟ್ಟಿದೆ, ಎಷ್ಟಾಗುತ್ತದೆ ಎಂಬುದನ್ನು ಜಾಬ್ ಶೀಟಿನಲ್ಲಿ ಬರೆಸಿಕೊಳ್ಳಿ. ಬದಲಾಯಿಸಿದ ಹಳೇ ಭಾಗವನ್ನು ಕೇಳಿ ಪಡೆಯಿರಿ. ಅನ್ಯಾಯವೆನಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. 5 ಲಕ್ಷ ರೂಪಾಯಿವರೆಗಿನ ವ್ಯಾಜ್ಯಕ್ಕೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವಿಲ್ಲ.