ವಿಶಿ ಹೊರಗಿರುವ ಹಾಲ್ ಆಫ್ ಫೇಮ್

ಜೂನ್ ಬಂತೆಂದರೆ ಸಂಸೆಯಲ್ಲಿ ಕ್ರಿಕೆಟ್ ಮೈದಾನದಿಂದ ಜಗುಲಿಗೆ ಬರುತ್ತದೆ. ಕಾಫಿ ಕೊಯ್ಲು ಮುಗಿದ ಮೇಲೆ ನಡೆಯುವ ಟೆನಿಸ್ ಬಾಲ್ ಪಂದ್ಯಾವಳಿಗಳೆಲ್ಲ ಮಳೆಗೆ ಮುಂಚೆಯೇ ಮುಗಿದಿರುತ್ತವೆ. ಕುದುರೆಮುಖದ ಕಡೆಯಿಂದ ಮಳೆ ಒಮ್ಮೆ ಹಿಡಿದರೆ ಮತ್ತೆ ಬ್ಯಾಟು ಹೊರತೆಗೆಯಲು ತಿಂಗಳುಗಳೇ ಬೇಕು. ಉಳಿಯುವುದು ಮಾತು. 2025ರ ಜೂನ್‌ನಲ್ಲಿ ಮಹೇಂದ್ರ ಸಿಂಗ್ ಧೋನಿ ಐಸಿಸಿ ಹಾಲ್ ಆಫ್ ಫೇಮ್ ಸೇರಿದಾಗ ಅಲ್ಲಿರುವ ಭಾರತೀಯರ ಸಂಖ್ಯೆ 11 ಆಯಿತು. ಕರ್ನಾಟಕದವರು ಇಬ್ಬರು. 2015ರಲ್ಲಿ ಅನಿಲ್ ಕುಂಬ್ಳೆ, 2018ರಲ್ಲಿ ರಾಹುಲ್ ದ್ರಾವಿಡ್. ಅವರಿಬ್ಬರ ಬಗ್ಗೆ ಯಾರಿಗೂ ತಕರಾರಿಲ್ಲ. ರೇಡಿಯೊ ಕಾಲದಲ್ಲಿ ಕ್ರಿಕೆಟ್ ಕೇಳಿ ಬೆಳೆದವರು ವಿಚಾರಿಸುವ ಹೆಸರುಗಳೇ ಬೇರೆ. ಪ್ರಸನ್ನ ಎಲ್ಲಿ, ಚಂದ್ರಶೇಖರ್ ಎಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ, ‘ವಿಶಿ’ ವಿಶ್ವನಾಥ್ ಎಲ್ಲಿ?

ವಿಶ್ವನಾಥ್ ಈ ಸೀಮೆಗೆ ಪರಕೀಯರಲ್ಲ. ಗಂಗಾಮೂಲದಲ್ಲಿ ಹುಟ್ಟಿ ಕುದುರೆಮುಖ, ಕಳಸಗಳನ್ನು ಹಾದು ಕೆಳಗಿಳಿಯುವ ಭದ್ರೆ ಮುಂದೆ ಸೇರುವ ದೊಡ್ಡ ಊರು ಭದ್ರಾವತಿ. ಗುಂಡಪ್ಪ ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಅಲ್ಲೇ. ನದಿಯ ಮೇಲ್ಭಾಗದವರು ಕೆಳಭಾಗದ ಹುಡುಗನನ್ನು ತಮ್ಮವನೆಂದುಕೊಂಡರೆ ಅದರಲ್ಲಿ ಅತಿಶಯವೇನಿಲ್ಲ.

ಹಾಲ್ ಆಫ್ ಫೇಮ್ ಎಂಬ ಪದವನ್ನು ಕ್ರೀಡಾಲೋಕದ ಮನೆಮಾತಾಗಿಸಿದ್ದು ಅಮೆರಿಕದ ಬೇಸ್‌ಬಾಲ್. ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಪುಟ್ಟ ಊರಿನಲ್ಲಿ ಅದರ ವಸ್ತುಸಂಗ್ರಹಾಲಯವಿದೆ. ಮೊದಲ ಆಯ್ಕೆ ನಡೆದದ್ದು 1936ರಲ್ಲಿ. ಕನಿಷ್ಠ 10 ವರ್ಷ ಸಂಘದ ಸದಸ್ಯರಾಗಿರುವ ಬೇಸ್‌ಬಾಲ್ ಪತ್ರಕರ್ತರು ಮತ ಹಾಕುತ್ತಾರೆ. ಒಬ್ಬ ಆಟಗಾರ ಒಳಗೆ ಹೋಗಲು ನೂರಕ್ಕೆ 75 ಮತ ಬೇಕು. ಆ ಮೊದಲ ವರ್ಷ ಟೈ ಕಾಬ್‌ಗೆ 226ರಲ್ಲಿ 222 ಮತ ಬಿದ್ದವು. ಸರ್ವಾನುಮತದಿಂದ ಆಯ್ಕೆಯಾಗಲು ಮರಿಯಾನೊ ರಿವೆರಾ ಎಂಬ ಪಿಚರ್ 2019ರಲ್ಲಿ ಬರಬೇಕಾಯಿತು. 2025ರಲ್ಲಿ ಜಪಾನಿನ ಇಚಿರೊ ಸುಜುಕಿ 394ರಲ್ಲಿ 393 ಮತ ಪಡೆದರು. ಆ ಒಂದು ಮತ ಯಾರದೆಂದು ವಾರಗಟ್ಟಲೆ ಚರ್ಚೆಯಾಯಿತು. ಅತ್ಯುನ್ನತ ಲೀಗ್‌ಗಳಲ್ಲಿ ಇಂದಿನವರೆಗೆ ಆಡಿದ 20,000ಕ್ಕೂ ಹೆಚ್ಚು ಆಟಗಾರರಲ್ಲಿ ಒಳಗಿರುವವರು ನೂರಕ್ಕೆ ಒಬ್ಬರ ಆಸುಪಾಸು.

ಅಷ್ಟು ಕಿರಿದಾದ ಬಾಗಿಲನ್ನು ಇನ್ನೂ ಕಿರಿದಾಗಿಸಿ ಎನ್ನುವವರು ಅಲ್ಲಿದ್ದಾರೆ, ಸ್ವಲ್ಪ ಅಗಲಿಸಿ ಎನ್ನುವವರೂ ಇದ್ದಾರೆ. ಜಗಳ ಮುಗಿಯುವ ಲಕ್ಷಣವಿಲ್ಲ. ಆದರೂ ಅಲ್ಲಿಂದ ಕಲಿಯಬೇಕಾದ ಒಂದು ಸಂಗತಿಯಿದೆ: ಇಷ್ಟು ಜನ ಸೇರಲೇಬೇಕು ಎಂಬ ಕಟ್ಟಳೆ ಅಲ್ಲಿಲ್ಲ. 2013ರಲ್ಲಿ ಪತ್ರಕರ್ತರು ಒಬ್ಬರನ್ನೂ ಆರಿಸಲಿಲ್ಲ, 2021ರಲ್ಲೂ ಆರಿಸಲಿಲ್ಲ. ಯೋಗ್ಯರೆಂದು ಮುಕ್ಕಾಲು ಪಾಲು ಜನ ಒಪ್ಪುವವರು ಕಾಣದ ವರ್ಷ ಜಾಗ ಖಾಲಿ ಉಳಿಯಿತು.

ಕರ್ನಾಟಕದಲ್ಲಿ ಹಾಗಿಲ್ಲ. ರಾಜ್ಯೋತ್ಸವ ಪ್ರಶಸ್ತಿ ಪಡೆದವರ ಸಂಖ್ಯೆ 2010ರಲ್ಲಿ 162ಕ್ಕೆ ಏರಿತ್ತು. ಅದಕ್ಕೆ ಕಡಿವಾಣ ಬೇಕಿತ್ತು, ಬಿತ್ತು. ಆದರೆ ಬಿದ್ದ ಬಗೆ ವಿಚಿತ್ರ. ರಾಜ್ಯಕ್ಕೆ ಎಷ್ಟು ವರ್ಷವೋ ಅಷ್ಟು ಪ್ರಶಸ್ತಿ ಎಂದಾಯಿತು. 2023ರಲ್ಲಿ 68, 2024ರಲ್ಲಿ 69, 2025ರಲ್ಲಿ 70. ಇದೇ ಲೆಕ್ಕ ಹಿಡಿದರೆ 2055ರ ನವೆಂಬರ್ 1ಕ್ಕೆ 100 ಮಂದಿ. ಒಂದು ವರ್ಷ 40 ಮಂದಿಯೇ ಅರ್ಹರೆಂದು ಸಮಿತಿಗೆ ಅನಿಸಿದರೂ 70 ತುಂಬಬೇಕು. 80 ಮಂದಿ ಸಿಕ್ಕರೆ 10 ಜನರನ್ನು ಕೈಬಿಡಬೇಕು. ಕ್ಯಾಲೆಂಡರಿಗೂ ಸಾಧನೆಗೂ ಏನು ಸಂಬಂಧ? ಇನ್ನೊಂದು ತುದಿಯಲ್ಲಿ ಕರ್ನಾಟಕ ರತ್ನವಿದೆ. 1992ರಲ್ಲಿ ಕುವೆಂಪು ಮತ್ತು ರಾಜ್‌ಕುಮಾರ್ ಅವರಿಂದ ಶುರುವಾದ ಆ ಸಾಲಿನಲ್ಲಿ 2022ರ ನವೆಂಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ಅವರಿಗೆ ಮರಣೋತ್ತರವಾಗಿ ಸಂದದ್ದು ಹತ್ತನೆಯದು. 2009ರಲ್ಲಿ ವೀರೇಂದ್ರ ಹೆಗ್ಗಡೆಯವರಿಗೆ ಸಂದ ಮೇಲೆ ಅಲ್ಲಿಯವರೆಗೆ ಅದು ಯಾರಿಗೂ ಸಂದಿರಲಿಲ್ಲ. ಖಾಲಿ ಬಿಟ್ಟ ಆ ವರ್ಷಗಳೂ ಸೇರಿಯೇ ಆ ಹೆಸರಿಗೆ ತೂಕ ಬಂದಿದೆ.

ಹಾಗಾದರೆ ಬಾಗಿಲು ಕಿರಿದಿದ್ದಷ್ಟೂ ಒಳ್ಳೆಯದೇ? ಈ ಪ್ರಶ್ನೆಗೆ ಕಾಫಿ ಸೀಮೆಯವರಿಗೆ ಕೈಗೆಟಕುವ ಹೋಲಿಕೆಯೊಂದಿದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಬೀಜ ಜರಡಿಯ ಮೇಲೆ ಬೀಳುತ್ತದೆ. 7.10 ಮಿ.ಮೀ. ತೂತಿನ ಜರಡಿಯ ಮೇಲೆ ನಿಂತದ್ದು ಎಎ, ಅದರಿಂದ ಇಳಿದು ಮುಂದಿನದರಲ್ಲಿ ನಿಂತದ್ದು ಎ, ಹಾಗೇ ಬಿ, ಸಿ. ಆದರೆ ಹಣ್ಣಿನೊಳಗೆ ಎರಡರ ಬದಲು ಒಂದೇ ಬೀಜ ಉರುಟಾಗಿ ಬೆಳೆದ ಪಿಬಿಗೆ ಆ ಜರಡಿಯಿಂದ ನ್ಯಾಯ ಸಿಗದು, ಅದನ್ನು ಬೇರೆಯಾಗಿಯೇ ವಿಂಗಡಿಸುತ್ತಾರೆ. ಮತ್ತೆ, ಜರಡಿ ಹೇಳುವುದು ಗಾತ್ರವನ್ನಷ್ಟೆ. ರುಚಿ ಗೊತ್ತಾಗಬೇಕಾದರೆ ಹುರಿದು, ಪುಡಿ ಮಾಡಿ, ಲೋಟಕ್ಕೆ ಹಾಕಿ ಕುಡಿದು ನೋಡಬೇಕು. ಜರಡಿಯನ್ನು ಬಿಗಿ ಮಾಡಿದ ಮಾತ್ರಕ್ಕೆ ಒಳ್ಳೆಯ ಕಾಫಿಯೇ ಸಿಗುತ್ತದೆಂದು ಯಾವ ಬೆಳೆಗಾರನೂ ಹೇಳುವುದಿಲ್ಲ.

ಐಸಿಸಿ ಪಟ್ಟಿಗೆ ಹೇಳಲಾಗುವ ಜರಡಿ ಹೀಗಿದೆ. ಬ್ಯಾಟರ್ ಆದರೆ 8000 ರನ್ ಮತ್ತು 20 ಶತಕ, ಇಲ್ಲವೇ 50 ದಾಟಿದ ಸರಾಸರಿ. ಬೌಲರ್ ಆದರೆ 200 ವಿಕೆಟ್, ಟೆಸ್ಟ್‌ನಲ್ಲಿ 50 ಎಸೆತಕ್ಕೊಂದು ವಿಕೆಟ್. ವಿಶ್ವನಾಥ್ 91 ಟೆಸ್ಟ್‌ಗಳಲ್ಲಿ ಹೊಡೆದದ್ದು 6080 ರನ್, 14 ಶತಕ, ಸರಾಸರಿ 42ಕ್ಕೆ ಒಂದಿಷ್ಟು ಕಡಿಮೆ. ಜರಡಿಯಿಂದ ಇಳಿದುಹೋದರು. ಪ್ರಸನ್ನ 49 ಟೆಸ್ಟ್‌ಗಳಲ್ಲಿ 189 ವಿಕೆಟ್, ಅವರಿಗೆ 11 ಕಡಿಮೆ. 1962ರ ವೆಸ್ಟ್ ಇಂಡೀಸ್ ಪ್ರವಾಸದ ನಂತರ ಎಂಜಿನಿಯರಿಂಗ್ ಓದು ಮುಗಿಸಲೆಂದು ಅವರು ಸುಮಾರು ಐದು ವರ್ಷ ಟೆಸ್ಟ್ ಆಡಲಿಲ್ಲ. ಮರಳಿ ಬಂದು 20ನೆಯ ಟೆಸ್ಟ್‌ನಲ್ಲಿ 100ನೆಯ ವಿಕೆಟ್ ಪಡೆದರು. ಆ ವೇಗವನ್ನು ಭಾರತದಲ್ಲಿ ಮೀರಿಸಲು ಅಶ್ವಿನ್ ಬರಬೇಕಾಯಿತು. 1973-74ರಲ್ಲಿ ಮುಂಬೈಯ 15 ವರ್ಷಗಳ ಸತತ ಗೆಲುವನ್ನು ಮುರಿದು ಕರ್ನಾಟಕಕ್ಕೆ ಮೊದಲ ರಣಜಿ ಟ್ರೋಫಿ ತಂದ ನಾಯಕರೂ ಅವರೇ. ಪೋಲಿಯೊದಿಂದ ಸೊರಗಿದ ಕೈಯನ್ನೇ ಅಸ್ತ್ರ ಮಾಡಿಕೊಂಡ ಬಿ.ಎಸ್. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರು. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ್ದರಿಂದ ಆ ನೆಲದಲ್ಲಿ ಭಾರತ ಮೊದಲ ಸರಣಿ ಗೆದ್ದಿತು. 1977-78ರಲ್ಲಿ ಮೆಲ್ಬರ್ನ್‌ನ ಎರಡೂ ಇನಿಂಗ್ಸ್‌ಗಳಲ್ಲಿ ತಲಾ 52 ರನ್ನಿಗೆ 6 ವಿಕೆಟ್. ಆಸ್ಟ್ರೇಲಿಯಾದಲ್ಲಿ ಭಾರತದ ಮೊದಲ ಟೆಸ್ಟ್ ಜಯ ಅದು. ಆದರೆ ಅವರ ಲೆಕ್ಕ ವಿಕೆಟ್ಟಿಗೆ 66 ಎಸೆತ.

ಈಗ ಒಳಗಿರುವವರ ಲೆಕ್ಕ ನೋಡಬೇಕು. ಕುಂಬ್ಳೆ ಟೆಸ್ಟ್‌ನಲ್ಲಿ ಒಂದು ವಿಕೆಟ್ಟಿಗೆ ತೆಗೆದುಕೊಂಡದ್ದೂ 66 ಎಸೆತವೇ. ಬಿಷನ್ ಸಿಂಗ್ ಬೇಡಿ 80. ಹಾಗೆಂದು ಅವರನ್ನು ಹೊರಗಿಡಬೇಕಿತ್ತೇ? ಖಂಡಿತ ಇಲ್ಲ. ಏಷ್ಯಾದ ಪಿಚ್‌ಗಳ ಮೇಲೆ ದಿನವಿಡೀ ಬೌಲ್ ಮಾಡಿ ಪಂದ್ಯ ಗೆಲ್ಲಿಸಿದ ಸ್ಪಿನ್ನರ್‌ಗಳನ್ನು ವೇಗದ ಬೌಲರ್‌ಗಳ ಅಳತೆಯಲ್ಲಿ ನೋಡಲಾಗದೆಂದು ಆಯ್ಕೆ ಮಾಡಿದವರಿಗೆ ಗೊತ್ತಿತ್ತು. ಗೊತ್ತಿದ್ದೇ ಜರಡಿಯನ್ನು ಬದಿಗಿಟ್ಟರು. ಅವರಿಗೆ ತೋರಿದ ವಿವೇಕವನ್ನು ಚಂದ್ರಶೇಖರ್ ಅವರಿಗೆ ಯಾಕೆ ತೋರಲಿಲ್ಲ ಎಂದು ಕೇಳುವುದು ಪ್ರಾದೇಶಿಕ ಅಭಿಮಾನವಲ್ಲ, ಸರಳ ನ್ಯಾಯ.

1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಭಾರತ 190ಕ್ಕೆ ಆಲೌಟ್ ಆಯಿತು. ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಪಡೆದ ಆ ಇನಿಂಗ್ಸ್‌ನಲ್ಲಿ ವಿಶ್ವನಾಥ್ ಔಟಾಗದೆ 97. ಜೊತೆ ನಿಲ್ಲುವವರಿಲ್ಲದೆ ಶತಕ ತಪ್ಪಿತು, ಭಾರತ 100 ರನ್ನಿನಿಂದ ಗೆದ್ದಿತು. ಶತಕಗಳನ್ನು ಎಣಿಸುವ ಪಟ್ಟಿಯಲ್ಲಿ ಈ ಇನಿಂಗ್ಸಿಗೆ ಜಾಗವೇ ಇಲ್ಲ. ಅದನ್ನು ಕಂಡವರೂ ಕೇಳಿದವರೂ ಭಾರತೀಯನೊಬ್ಬ ಆಡಿದ ಅತಿ ಶ್ರೇಷ್ಠ ಇನಿಂಗ್ಸ್‌ಗಳ ಸಾಲಿನಲ್ಲಿ ಇಂದಿಗೂ ಇಡುತ್ತಾರೆ.

ಇನ್ನೊಂದು ಘಟನೆ 1980ರ ಫೆಬ್ರುವರಿಯದು. ವಾಂಖೆಡೆಯಲ್ಲಿ ಬಿಸಿಸಿಐನ ಸುವರ್ಣ ಮಹೋತ್ಸವದ ಟೆಸ್ಟ್, ವಿಶ್ವನಾಥ್ ನಾಯಕ. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡಿದೆ. ಬಾಬ್ ಟೇಲರ್ ಕೀಪರ್‌ಗೆ ಕ್ಯಾಚ್ ಕೊಟ್ಟರೆಂದು ಅಂಪೈರ್ ಬೆರಳೆತ್ತುತ್ತಾರೆ. ಬ್ಯಾಟಿಗೆ ಚೆಂಡು ತಾಗಿಲ್ಲವೆಂದು ನಂಬಿದ ವಿಶ್ವನಾಥ್ ಟೇಲರ್ ಅವರನ್ನು ಮರಳಿ ಕರೆಯುತ್ತಾರೆ. ಟೇಲರ್ ಮತ್ತು ಇಯಾನ್ ಬಾಥಂ 171 ರನ್ ಸೇರಿಸಿದರು, ಭಾರತ 10 ವಿಕೆಟ್‌ಗಳಿಂದ ಸೋತಿತು. ಬಾಥಂ ಇಂದು ಐಸಿಸಿ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ.

ಕೂಪರ್ಸ್‌ಟೌನ್‌ನ ನಿಯಮದಲ್ಲಿ ಆಟಗಾರನ ಪ್ರಾಮಾಣಿಕತೆ, ಕ್ರೀಡಾಮನೋಭಾವ, ನಡತೆಯನ್ನೂ ಪರಿಗಣಿಸಬೇಕೆಂಬ ಮಾತಿದೆ. ಅದು ಹೆಚ್ಚಾಗಿ ಬಳಕೆಯಾದದ್ದು ಜನರನ್ನು ಹೊರಗಿಡಲು. 762 ಹೋಂ ರನ್‌ಗಳ ದಾಖಲೆಯಿದ್ದೂ ಉದ್ದೀಪನ ಮದ್ದಿನ ಆರೋಪ ಹೊತ್ತ ಬ್ಯಾರಿ ಬಾಂಡ್ಸ್ 10 ವರ್ಷ ಮತಪಟ್ಟಿಯಲ್ಲಿದ್ದು 2022ರಲ್ಲಿ ಕೊನೆಯ ಅವಕಾಶದಲ್ಲೂ ಸುಮಾರು 66 ಪ್ರತಿಶತಕ್ಕೆ ನಿಂತರು. ನಡತೆ ಹೊರಗಿಡಲು ಕಾರಣವಾಗಬಹುದಾದರೆ ಒಳಗೆ ಕರೆಯಲೂ ಕಾರಣವಾಗಬೇಕು. ಹಾಗೆ ಕರೆಯಬೇಕಾದ ಹೆಸರೊಂದು ಕ್ರಿಕೆಟ್‌ನಲ್ಲಿದ್ದರೆ ಅದು ಭದ್ರಾವತಿಯ ಈ ಗಿಡ್ಡ ಮನುಷ್ಯನದು.

ಎದುರು ವಾದಕ್ಕೆ ಬಲವಿಲ್ಲದೆ ಇಲ್ಲ. ವಿಶ್ವನಾಥ್ ಬಂದರೆ ದಿಲೀಪ್ ವೆಂಗ್‌ಸರ್ಕಾರ್ ಯಾಕಿಲ್ಲ, ಅವರಾದ ಮೇಲೆ ಮೊಹಿಂದರ್ ಅಮರನಾಥ್ ಯಾಕಿಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬೇಸ್‌ಬಾಲ್ ಈ ಪೆಟ್ಟು ತಿಂದಿದೆ. ಹೆರಾಲ್ಡ್ ಬೇನ್ಸ್‌ಗೆ ಪತ್ರಕರ್ತರ ಮತದಲ್ಲಿ ಯಾವ ವರ್ಷವೂ 7 ಪ್ರತಿಶತ ಸಿಕ್ಕಿರಲಿಲ್ಲ. 2018ರ ಡಿಸೆಂಬರ್‌ನಲ್ಲಿ 16 ಮಂದಿಯ ಹಿರಿಯರ ಸಮಿತಿ 12 ಮತಗಳಿಂದ ಅವರನ್ನು ಆರಿಸಿತು. ಆ ಸಮಿತಿಯಲ್ಲಿ ಅವರ ಹಳೆಯ ತರಬೇತುದಾರ ಟೋನಿ ಲಾ ರುಸ್ಸಾ ಇದ್ದರು, ಅವರ ತಂಡದ ಮಾಲೀಕ ಜೆರ‍್ರಿ ರೈನ್ಸ್‌ಡಾರ್ಫ್ ಕೂಡ ಇದ್ದರು. ಹಿಂಬಾಗಿಲ ಆಯ್ಕೆಯೆಂಬ ಟೀಕೆ ಆಗಲೇ ಎದ್ದಿತು, ಇನ್ನೂ ಅಡಗಿಲ್ಲ. ಕರ್ನಾಟಕದಲ್ಲಿ ಪ್ರಶಸ್ತಿ ಪಟ್ಟಿ ಹೊರಬಿದ್ದ ಮರುದಿನದ ಮಾತುಕತೆ ಕೇಳಿದವರಿಗೆ ಈ ಅಪಾಯವನ್ನು ವಿವರಿಸಬೇಕಾಗಿಲ್ಲ. ಸಮಿತಿಯ ಸದಸ್ಯರು ಯಾರಿಗೆ ಆಪ್ತರು ಎಂಬುದೇ ಅಲ್ಲಿ ಮೊದಲ ಚರ್ಚೆ.

ಆದರೆ ಇದೇ ಬೇಸ್‌ಬಾಲ್‌ನ ಪಕ್ಕದ ಬಾಗಿಲಿನಿಂದ ಬಂದವರಲ್ಲಿ ಬೇನ್ಸ್ ಒಬ್ಬರೇ ಇಲ್ಲ. ಕರಿಯರೆಂಬ ಕಾರಣಕ್ಕೆ ಮೇಜರ್ ಲೀಗ್‌ಗಳು ಸೇರಿಸಿಕೊಳ್ಳದೆ ನೀಗ್ರೊ ಲೀಗ್‌ಗಳಲ್ಲಿ ಆಡಿ ಮುಗಿಸಿದ ಪೀಳಿಗೆಗಳಿದ್ದವು. ಅವರ ಅಂಕಿಅಂಶ ಸರಿಯಾಗಿ ದಾಖಲಾಗಿರಲಿಲ್ಲ. ಮುಖ್ಯವಾಗಿ ಆ ಲೀಗ್‌ಗಳ ಸಾಧನೆಗಾಗಿ 1971ರಲ್ಲಿ ಸ್ಯಾಚೆಲ್ ಪೇಜ್ ಒಳಗೆ ಬಂದರು. 2006ರಲ್ಲಿ ವಿಶೇಷ ಸಮಿತಿಯೊಂದು ಒಂದೇ ಬಾರಿಗೆ 17 ಮಂದಿಯನ್ನು ಆರಿಸಿತು. ಸಂಶೋಧಕರು ಹಳೆಯ ಪತ್ರಿಕೆಗಳಿಂದ ಪಂದ್ಯ ಪಂದ್ಯವನ್ನೂ ಹೆಕ್ಕಿ ತೆಗೆದರು. 2024ರಲ್ಲಿ ಆ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದಾಗ ಜೀವಮಾನದ ಬ್ಯಾಟಿಂಗ್ ಸರಾಸರಿಯ ಮೊದಲ ಸ್ಥಾನ ಟೈ ಕಾಬ್‌ನಿಂದ ಜಾಶ್ ಗಿಬ್ಸನ್‌ಗೆ ಹೋಯಿತು. ಬಾಗಿಲು ಅಗಲಿಸಿದ್ದರಿಂದ ಮಟ್ಟ ಇಳಿಯಲಿಲ್ಲ. ಅಲ್ಲಿಯವರೆಗಿನ ಮಟ್ಟವೇ ಅರೆಬರೆ ಲೆಕ್ಕದ್ದೆಂದು ಗೊತ್ತಾಯಿತು.

ಕ್ರಿಕೆಟ್‌ನಲ್ಲಿ ಅಂಥ ಸ್ಥಿತಿ ಮಹಿಳೆಯರದು. ಕಡೂರಿನ ವೇದಾ ಕೃಷ್ಣಮೂರ್ತಿ 2017ರ ಲಾರ್ಡ್ಸ್ ಫೈನಲ್ ಆಡುವುದನ್ನು ಜಿಲ್ಲೆಯ ಮನೆಮನೆಯಲ್ಲಿ ಟಿ.ವಿ.ಯಲ್ಲಿ ನೋಡಲಾಯಿತು. 1976ರ ನವೆಂಬರ್‌ನಲ್ಲಿ ಪಟ್ನಾದಲ್ಲಿ ವೆಸ್ಟ್ ಇಂಡೀಸನ್ನು ಸೋಲಿಸಿ ಭಾರತದ ಮಹಿಳೆಯರು ಮೊದಲ ಟೆಸ್ಟ್ ಗೆದ್ದಾಗ ಅದನ್ನು ಕಂಡವರು ಮೈದಾನದಲ್ಲಿದ್ದವರು ಮಾತ್ರ. ಆ ತಂಡದ ನಾಯಕಿ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಮುಂದಿನ ವರ್ಷ ಡ್ಯುನೆಡಿನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 108 ಹೊಡೆದು ಟೆಸ್ಟ್ ಶತಕ ಗಳಿಸಿದ ಮೊದಲ ಭಾರತೀಯ ಮಹಿಳೆಯಾದರು. ಅವರಿಗೆ ಆಡಲು ಸಿಕ್ಕಿದ್ದು ಬರೀ 16 ಟೆಸ್ಟ್. 2023ರಲ್ಲಿ ಡಯಾನಾ ಎಡುಲ್ಜಿ, 2024ರಲ್ಲಿ ನೀತು ಡೇವಿಡ್ ಅವರನ್ನು ಐಸಿಸಿ ಸರಿಯಾಗಿಯೇ ಸೇರಿಸಿಕೊಂಡಿತು. ಅವರಿಬ್ಬರಿಗಿಂತ ಮುಂಚೆ ದಾರಿ ಕಡಿದವರು ಶಾಂತಾ. 2017ರಲ್ಲಿ ಬಿಸಿಸಿಐ ಜೀವಮಾನ ಸಾಧನೆ ಪ್ರಶಸ್ತಿ ಪಡೆದ ಮೊದಲ ಮಹಿಳೆಯಾದ ಅವರು ಐಸಿಸಿ ಪಟ್ಟಿಯ ಹೊಸ್ತಿಲಾಚೆ ಉಳಿದದ್ದು ಯಾಕೆ?

ಬಾಗಿಲು ಕಿರಿದಾಗಿಯೇ ಇರಲಿ. ಆದರೆ ಅಳತೆ ಯಾವುದು, ಅದನ್ನು ಸಡಿಲಿಸಿದ್ದು ಯಾರಿಗೆ, ಯಾಕೆ ಎಂದು ಆರಿಸುವವರು ಬರೆದು ಪ್ರಕಟಿಸಬೇಕು. ಅಮೆರಿಕದ ಎಷ್ಟೋ ಪತ್ರಕರ್ತರು ತಾವು ಯಾರಿಗೆ ಮತ ಹಾಕಿದೆವು, ಯಾರಿಗೆ ಹಾಕಲಿಲ್ಲ ಎಂದು ಕಾರಣಸಹಿತ ಪತ್ರಿಕೆಯಲ್ಲೇ ಬರೆಯುತ್ತಾರೆ, ಓದುಗರಿಂದ ಬೈಸಿಕೊಳ್ಳುತ್ತಾರೆ. ರಾಜ್ಯೋತ್ಸವ ಪ್ರಶಸ್ತಿಯ ಪ್ರತಿ ಹೆಸರಿನ ಮುಂದೆ ಹೀಗೆ ಹತ್ತು ಸಾಲಿನ ಕಾರಣ ಬರೆಯಬೇಕೆಂದಾದರೆ 70ರ ಕಟ್ಟಳೆ ತಾನೇ ಬಿದ್ದುಹೋಗುತ್ತದೆ. ಐಸಿಸಿ ಕೂಡ ಹಳೆಯ ಕಾಲದವರಿಗೆಂದೇ ಬೇರೆ ಸಮಿತಿ ಮಾಡಿ, ಆಟಗಾರರಿಗೆ ಆಪ್ತರಾದವರನ್ನು ಅದರಿಂದ ದೂರವಿಟ್ಟು, ಮತಗಳನ್ನು ಬಹಿರಂಗಪಡಿಸಲಿ.

ಇದಕ್ಕೆ ತಡಮಾಡುವಂತಿಲ್ಲ. ಶಿಕಾಗೊದ ರಾನ್ ಸ್ಯಾಂಟೊ ವರ್ಷಗಟ್ಟಲೆ ಕಾದು 2010ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಕೂಪರ್ಸ್‌ಟೌನ್ ಅವರನ್ನು ಆರಿಸಿದ್ದು ಮರು ವರ್ಷದ ಡಿಸೆಂಬರ್‌ನಲ್ಲಿ. ವಿನೂ ಮಂಕಡ್ 1978ರಲ್ಲಿ ತೀರಿಕೊಂಡರು. ಐಸಿಸಿ ಅವರನ್ನು ನೆನೆದದ್ದು 2021ರಲ್ಲಿ. ಪ್ರಸನ್ನ ಹುಟ್ಟಿದ್ದು 1940ರಲ್ಲಿ, ಚಂದ್ರಶೇಖರ್ 1945ರಲ್ಲಿ, ವಿಶ್ವನಾಥ್ 1949ರಲ್ಲಿ. ಈ ಮೂವರ ಮತ್ತು ಶಾಂತಾ ಅವರ ಆಟದ ಪೂರ್ತಿ ದಾಖಲೆಯನ್ನು, ನೋಡಿದವರ ಹೇಳಿಕೆಗಳ ಸಮೇತ, ಒಂದು ಕಡತ ಮಾಡಿ ದುಬೈಯ ಐಸಿಸಿ ಕಚೇರಿಗೆ ಕಳಿಸುವ ಕೆಲಸವನ್ನು ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ ಈ ಮಳೆಗಾಲದಲ್ಲೇ ಕೈಗೆತ್ತಿಕೊಳ್ಳಬಹುದು.