ಕಣ್ಣಿನ ಚೀಟಿಯನ್ನು ಕೇಳಿ ಪಡೆಯಿರಿ

ಕಣ್ಣು ತೋರಿಸಿಕೊಂಡು ಕುರ್ಚಿಯಿಂದ ಏಳುವ ಮುನ್ನ ಒಂದು ಮಾತು ಕೇಳಿಬಿಡಿ: ‘ಚೀಟಿ ಬರೆದುಕೊಡಿ, ಪಿ.ಡಿ.ಯನ್ನೂ ಬರೆಯಿರಿ.’ ನಿಮ್ಮಲ್ಲಿ ನನ್ನ ಮನವಿ ಮುಖ್ಯವಾಗಿ ಇಷ್ಟೇ. ಪಿ.ಡಿ. ಎಂದರೇನು, ಯಾಕೆ ಕೇಳಬೇಕು, ಕೈಗೆ ಬಂದ ಮೇಲೆ ಏನು ಮಾಡಬೇಕು ಎಂಬುದನ್ನು ಮುಂದೆ ಹೇಳುತ್ತೇನೆ.

ನಮ್ಮೂರುಗಳ ರೂಢಿ ನಿಮಗೆ ಗೊತ್ತೇ ಇದೆ. ಕನ್ನಡಕದಂಗಡಿಯ ಹೊರಗೆ ‘ಉಚಿತ ಕಂಪ್ಯೂಟರ್ ತಪಾಸಣೆ’ ಎಂಬ ಬೋರ್ಡು. ಒಳಗೆ ಹೋದರೆ ಯಂತ್ರದ ಮುಂದೆ ಗದ್ದ ಊರಿಸುತ್ತಾರೆ, ಗಾಜು ಬದಲಿಸಿ ಬದಲಿಸಿ ಅಕ್ಷರ ಓದಿಸುತ್ತಾರೆ, ಬಂದ ನಂಬರನ್ನು ತಮ್ಮ ಪುಸ್ತಕಕ್ಕೆ ಇಳಿಸಿಕೊಂಡು ನಿಮ್ಮನ್ನು ಫ್ರೇಮಿನ ಗೋಡೆಯ ಕಡೆಗೆ ಕರೆದೊಯ್ಯುತ್ತಾರೆ. ನಂಬರು ಅಂಗಡಿಯ ಪುಸ್ತಕದಲ್ಲಿ ಉಳಿದ ಮೇಲೆ ಗಿರಾಕಿಯೂ ಅಂಗಡಿಯಲ್ಲೇ ಉಳಿಯಬೇಕಲ್ಲ! ಅಲ್ಲಿ ಹೇಳಿದ್ದೇ ಬೆಲೆ. ತಪಾಸಣೆಗೆ ಬಿಟ್ಟ ದುಡ್ಡನ್ನು ಫ್ರೇಮಿನಲ್ಲಿ ಸೇರಿಸಿಕೊಳ್ಳುವುದು ವ್ಯಾಪಾರದ ಲೆಕ್ಕ. ಅದನ್ನು ಮೋಸ ಎನ್ನಲಾರೆ. ಹಾಗೆಂದೇ, ಪುಕ್ಕಟೆ ತಪಾಸಣೆ ಮಾಡಿಸಿಕೊಂಡು ಚೀಟಿ ಕಿತ್ತುಕೊಂಡು ಬನ್ನಿ ಎಂದೂ ಹೇಳುವುದಿಲ್ಲ. ‘ತಪಾಸಣೆಗೆ ಎಷ್ಟು?’ ಎಂದು ಮೊದಲೇ ಕೇಳಿ. ಅದನ್ನು ಕೊಟ್ಟು ಚೀಟಿ ತೆಗೆದುಕೊಳ್ಳಿ.

ಅಮೆರಿಕದಲ್ಲಿ 1978ರಿಂದಲೇ ಇದಕ್ಕೊಂದು ನಿಯಮವಿದೆ. ತಪಾಸಣೆ ಮುಗಿದ ಕೂಡಲೇ, ಕೇಳಲಿ ಬಿಡಲಿ, ಚೀಟಿಯನ್ನು ಕೈಗೆ ಕೊಡಬೇಕು. ಅದಕ್ಕೆಂದು ಬೇರೆ ದುಡ್ಡು ಕೀಳುವಂತಿಲ್ಲ. ನಮ್ಮಲ್ಲಿ ವೈದ್ಯರಿಗೆ ಸಂಬಂಧಿಸಿದ 2002ರ ನಿಯಮಾವಳಿಯಲ್ಲಿ, ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದಿದೆ. ಕಣ್ಣಿನ ಡಾಕ್ಟರೂ ಅದರೊಳಗೇ ಬರುತ್ತಾರೆ. ಅಂಗಡಿಯಲ್ಲಿ ನಂಬರು ನೋಡುವವರ ಎದುರು ಮಾತ್ರ ನೀವೇ ಬಾಯಿ ಬಿಡಬೇಕು.

ಚೀಟಿ ಕೈಯಲ್ಲಿದ್ದರೆ ಬೆಲೆ ಹೋಲಿಸಬಹುದು. ಸಾಮಾನ್ಯ ಪವರಿನ ಒಂದೇ ನಂಬರಿನ ಕನ್ನಡಕ ಆನ್‌ಲೈನಿನಲ್ಲಿ ಫ್ರೇಮು, ಗಾಜು ಎರಡೂ ಸೇರಿ ಸಾವಿರ ರೂಪಾಯಿಯೊಳಗೆ ಸಿಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ದೃಷ್ಟಿದೋಷದ ಕನ್ನಡಕದ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಎಲ್ಲೇ ಕೊಂಡರೂ ಬಿಲ್ಲು ಕೇಳಿ, ಜಿಎಸ್‌ಟಿಯ ಸಾಲನ್ನು ನೋಡಿ.

ಪಿ.ಡಿ. ಎಂದರೆ ಎರಡು ಕಣ್ಣಿನ ಪಾಪೆಗಳ ನಡುವಿನ ಅಂತರ. ದೊಡ್ಡವರಲ್ಲಿ ಹೆಚ್ಚಾಗಿ 54ರಿಂದ 74 ಮಿಲಿಮೀಟರ್. ಗಾಜಿನ ಕೇಂದ್ರ ಪಾಪೆಗೆ ನೇರವಾಗಿ ಬರಬೇಕು, ಅದಕ್ಕೇ ಈ ಅಳತೆ. ಕೇಂದ್ರ ಅತ್ತಿತ್ತ ಸರಿದರೆ ಬೆಳಕು ಓರೆಯಾಗಿ ಬಾಗುತ್ತದೆ, ಎರಡು ಕಣ್ಣುಗಳು ಜೊತೆಗೂಡಿ ನೋಡಲು ಹೆಣಗುತ್ತವೆ, ಸಂಜೆಗೆ ತಲೆನೋವು. ಪವರ್ ಹೆಚ್ಚಿದಷ್ಟೂ ತೊಂದರೆ ಹೆಚ್ಚು: 4 ಮಿ.ಮೀ. ಸರಿದಾಗ ಮೈನಸ್ ಒಂದರ ಗಾಜು ಎಷ್ಟು ಕಾಡುತ್ತದೋ ಮೈನಸ್ ಆರರದು ಅದರ ಆರು ಪಟ್ಟು ಕಾಡುತ್ತದೆ. ಮೊಬೈಲ್ ಕ್ಯಾಮೆರಾದಲ್ಲೇ ಪಿ.ಡಿ. ಅಳೆಯುವ ಸೌಲಭ್ಯಗಳಿವೆ. ಕಡಿಮೆ ಪವರಿನವರಿಗೆ ಅದು ನಡೆದೀತು. ಸೋಡಾ ಬಾಟಲಿಯ ತಳದಂಥ ಗಾಜು ಹಾಕುವವರು ಅಂಗಡಿಯಲ್ಲೇ ಅಳೆಸಿಕೊಳ್ಳಲಿ. ಅದಕ್ಕೆ ಐವತ್ತು ನೂರು ಕೇಳಿದರೆ ಗೊಣಗದೆ ಕೊಡಿ.

ನಂಬರನ್ನು ಮೊಬೈಲಿಗೆ ಇಳಿಸುವಾಗ ದಯವಿಟ್ಟು ಗಡಿಬಿಡಿ ಮಾಡಬೇಡಿ. ಬಲಗಣ್ಣು ಯಾವುದು, ಎಡಗಣ್ಣು ಯಾವುದು, ಮುಂದಿರುವುದು ಪ್ಲಸ್ಸೋ ಮೈನಸ್ಸೋ ಎಂದು ಎರಡು ಸಲ ನೋಡಿ. ಸಿಲಿಂಡರ್ ನಂಬರ್ ಇದ್ದವರಿಗೆ ಆಕ್ಸಿಸ್ ಅಂತೊಂದು ಕೋನವಿರುತ್ತದೆ, 1ರಿಂದ 180ರವರೆಗೆ. ಅಲ್ಲಿ 10 ಎಂದು ಒತ್ತಬೇಕಾದಲ್ಲಿ 100 ಒತ್ತಿದರೆ ಗಾಜು ಅಡ್ಡಡ್ಡ ತಿರುಗಿ ಕೂತ ಹಾಗೆ. ಸಿಲಿಂಡರ್ ಸರಿಪಡಿಸಬೇಕಾದ ದೃಷ್ಟಿದೋಷ ಸರಿಹೋಗುವುದಿರಲಿ, ಇಮ್ಮಡಿಯಾಗುತ್ತದೆ. ಡಾಕ್ಟರ ಕೈಬರಹ ಅರ್ಥವಾಗದಿದ್ದರೆ ಊಹಿಸಬೇಡಿ, ಅಲ್ಲೇ ಓದಿಸಿಕೊಳ್ಳಿ.

ಆನ್‌ಲೈನಿನಲ್ಲಿ ಕೊಳ್ಳುವಾಗ ಕೊನೆಯ ಹಂತದಲ್ಲಿ ಬ್ಲೂ ಕಟ್ ಲೇಪನ, ಮೆಂಬರ್‌ಶಿಪ್ಪು, ವಿಮೆ ಎಂದು ಒಂದೊಂದೇ ಮುಂದೆ ಬರುತ್ತವೆ. ನೀವು ಕೇಳದ್ದನ್ನು ಬುಟ್ಟಿಗೆ ಸೇರಿಸುವುದನ್ನು ಕೇಂದ್ರದ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲೇ ನಿಷೇಧಿಸಿದೆ. ನೀಲಿ ಬೆಳಕು ತಡೆಯುವ ಬ್ಲೂ ಕಟ್ ಗಾಜೂ ಬೇಕಿಲ್ಲ. 17 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2023ರ ಕಾಕ್ರೇನ್ ವಿಮರ್ಶೆಗೆ, ಕಂಪ್ಯೂಟರ್ ನೋಡಿ ಆಗುವ ಕಣ್ಣಿನ ಆಯಾಸವನ್ನು ಅದು ಕಡಿಮೆ ಮಾಡುತ್ತದೆನ್ನುವ ಆಧಾರ ಸಿಗಲಿಲ್ಲ. ಆ ದುಡ್ಡು ಉಳಿಸಿ.

ಹಾಗೆಂದು ಎಲ್ಲರೂ ಆನ್‌ಲೈನಿಗೆ ನುಗ್ಗಬೇಕಿಲ್ಲ. ದೂರಕ್ಕೂ ಹತ್ತಿರಕ್ಕೂ ಒಂದೇ ಆದ ಪ್ರೋಗ್ರೆಸ್ಸಿವ್ ಗಾಜು ಮೊದಲ ಸಲ ಹಾಕುವವರು ಅಂಗಡಿಗೇ ಹೋಗಿ. ಆರಿಸಿದ ಫ್ರೇಮನ್ನು ಮುಖಕ್ಕೆ ಹಾಕಿಯೇ ಪಾಪೆಯ ಎತ್ತರ ಗುರುತಿಸಬೇಕಾದ ಕೆಲಸ ಅದು. ಮಕ್ಕಳ ನಂಬರನ್ನು ಡ್ರಾಪ್ಸ್ ಹಾಕಿ ನೋಡಿಸಬೇಕು, ಯಂತ್ರದ ಚೀಟಿಯೊಂದನ್ನೇ ನಂಬಬಾರದು. ಗಾಜಂತೂ ಅವರಿಗೆ ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟಿನದೇ ಆಗಲಿ. ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಏರಿಳಿದಂತೆ ನಂಬರೂ ಏರಿಳಿಯುತ್ತದೆ. ಹತೋಟಿಗೆ ಬಂದ ಮೇಲೆ ನೋಡಿಸುವುದು ಒಳ್ಳೆಯದು. ಗ್ಲಾಕೋಮಾ ಹೆಚ್ಚಾಗಿ ನೋವಿಲ್ಲದೆ ದೃಷ್ಟಿ ತಿನ್ನುತ್ತದೆ, ಬರೀ ನಂಬರು ನೋಡುವಾಗ ಸಿಕ್ಕಿಬೀಳುವುದಿಲ್ಲ. ಆದ್ದರಿಂದ ನಲವತ್ತು ದಾಟಿದವರು ಕನ್ನಡಕ ಅಗ್ಗಕ್ಕೆ ಸಿಕ್ಕಿತೆಂದು ಕಣ್ಣಿನ ಡಾಕ್ಟರನ್ನು ಮರೆಯಬೇಡಿ. ಬೆಂಗಳೂರಿನ ಮಿಂಟೋದಂಥ ಸರ್ಕಾರಿ ಆಸ್ಪತ್ರೆ ಇರುವುದೂ ಇದಕ್ಕೇ.

ಕನ್ನಡಕ ಮನೆಗೆ ಬಂದ ದಿನವೇ ಹತ್ತಿರದ ಅಂಗಡಿಯಲ್ಲಿ ಗಾಜಿನ ನಂಬರು ಅಳೆಯುವ ಲೆನ್ಸೋಮೀಟರಿಗೆ ಇಡಿಸಿ. ಐದು ನಿಮಿಷದ ಕೆಲಸ. ನೀವು ಕೊಟ್ಟ ನಂಬರೇ ತಪ್ಪಿದ್ದರೆ ಮಾರಿದವರನ್ನು ಬೈದು ಫಲವಿಲ್ಲ. ಕೊಟ್ಟದ್ದೊಂದು, ಬಂದದ್ದೊಂದು ಆಗಿದ್ದರೆ, ‘ಅಳತೆಗೆ ಮಾಡಿಸಿದ್ದು, ವಾಪಸ್ ಇಲ್ಲ’ ಎಂದು ನುಣುಚಿಕೊಳ್ಳಲು 2020ರ ಇ-ಕಾಮರ್ಸ್ ನಿಯಮಗಳು ಬಿಡುವುದಿಲ್ಲ. ದೂರು ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸಬೇಕು, ತಿಂಗಳೊಳಗೆ ಪರಿಹರಿಸಬೇಕು. ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಇನ್ನು ಮೊಬೈಲು ಬಲ್ಲ ಎಳೆಯರಿಗೆ ವಿಶೇಷವಾಗಿ ಒಂದು ಕೋರಿಕೆ. ಇಷ್ಟೆಲ್ಲ ಅಗ್ಗವಾದದ್ದು ಈಗಾಗಲೇ ಕನ್ನಡಕ ಇರುವವರಿಗೇ ಎರಡನೆಯದೂ ಮೂರನೆಯದೂ ಆಗಿ ಹೋಗುತ್ತಿದೆ. ಚಾಳೀಸು ಬಂದೂ ಕನ್ನಡಕವಿಲ್ಲದವರು ನಿಮ್ಮ ಸುತ್ತಲೇ ಇದ್ದಾರೆ: ಎಳೆ ಕಡಿದರೆ ಕಾಣದ ಇಳಕಲ್ಲಿನ ನೇಕಾರ, ಕರಾವಳಿಯಲ್ಲಿ ಬೀಡಿ ಸುತ್ತುವ ಹೆಂಗಸು, ಅಂಗಿಗೆ ಗುಂಡಿ ಹಾಕಲು ಸೂಜಿಗೆ ದಾರ ಪೋಣಿಸಲಾರದ ನಿಮ್ಮ ಬೀದಿಯ ಟೈಲರು. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಕೂಲಿಗಳಿಗೆ ಓದುವ ಕನ್ನಡಕ ಕೊಟ್ಟು ನೋಡಿದ ಅಧ್ಯಯನವೊಂದು 2018ರಲ್ಲಿ ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್‌ನಲ್ಲಿ ಬಂತು. ಕನ್ನಡಕ ಸಿಗದವರಿಗೆ ಹೋಲಿಸಿದರೆ ಸಿಕ್ಕವರ ದಿನದ ಕೊಯ್ಲು ಶೇ 20ಕ್ಕೂ ಹೆಚ್ಚು ಏರಿತ್ತು. ಕೂಲಿಯವರ ಮನೆಯಲ್ಲಿ ಅದು ಸಣ್ಣ ಮೊತ್ತವಲ್ಲ.

ನಿಮ್ಮ ಸುತ್ತಲಿನ ಅಂಥವರನ್ನು ತಪಾಸಣೆಗೆ ಕರೆದುಕೊಂಡು ಹೋಗಿ. ಮೊದಲು ಆಶಾ ಕಾರ್ಯಕರ್ತೆಯನ್ನು ವಿಚಾರಿಸಿ. ರಾಜ್ಯ ಸರ್ಕಾರದ ಆಶಾಕಿರಣ ಕಾರ್ಯಕ್ರಮದಲ್ಲಿ ಮನೆ ಬಾಗಿಲಲ್ಲೇ ಕಣ್ಣು ನೋಡಿ ಉಚಿತವಾಗಿ ಕನ್ನಡಕ ಕೊಟ್ಟದ್ದುಂಟು. ಸಿಗದಿದ್ದರೆ ಚೀಟಿ ಪಡೆದು ನೀವೇ ತರಿಸಿಕೊಡಿ. ಎರಡೂ ಕಣ್ಣಿಗೆ ಒಂದೇ ಪ್ಲಸ್ ನಂಬರಿದ್ದು ಸಿಲಿಂಡರ್ ಇಲ್ಲದಿದ್ದರೆ ಸಂತೆಯ ಸಿದ್ಧ ಕನ್ನಡಕವೂ ಆದೀತು. ಚೀಟಿಯ ಫೋಟೊ ತೆಗೆದು ಅವರ ಮಗನ ಫೋನಿನಲ್ಲೂ ಒಂದು ಇಡಿ, ಮುಂದಿನ ಸಲಕ್ಕೆ ಬೇಕಾಗುತ್ತದೆ.

ಕನ್ನಡಕದಂಗಡಿಯವರಲ್ಲಿ ಕೊನೆಯದಾಗಿ ಒಂದು ಬಿನ್ನಹ. ನಿಮ್ಮ ಕೈಗೆಲಸವನ್ನು ಮೊಬೈಲು ಮಾಡಲಾರದು. ತಪಾಸಣೆಗೆ ಇಷ್ಟು, ಪಿ.ಡಿ. ಅಳೆಯಲು ಇಷ್ಟು, ಬೇರೆಡೆ ಕೊಂಡದ್ದನ್ನು ಪರೀಕ್ಷಿಸಿ ಕಿವಿಗೆ ಮೂಗಿಗೆ ಒಪ್ಪುವಂತೆ ಬಾಗಿಸಿಕೊಡಲು ಇಷ್ಟು ಎಂದು ಒಂದು ದರಪಟ್ಟಿ ಬರೆದು ‘ಉಚಿತ’ ಎಂಬ ಬೋರ್ಡು ಇದ್ದ ಜಾಗಕ್ಕೆ ತೂಗುಹಾಕಿ. ಓದಿ ದುಡ್ಡು ಕೊಟ್ಟು ಹೋಗುವವರು ಬರುತ್ತಾರೆ.